417ರ ಅಚ್ಚು

ನಮ್ಮ ದೊಡ್ಡಪ್ಪ ಚೌಡಪ್ಪ ವೆಲ್ಡಿಂಗ್ ಮಾಡಿದ ಪ್ರತಿಯೊಂದು ವಸ್ತುವಿನ ಮೇಲೂ 417 ಎಂಬ ನಂಬರಿದೆ. ಭದ್ರಾವತಿಯ ಜನ್ನಾಪುರದಲ್ಲಿರುವ ನಮ್ಮ ಮನೆಯ ಗೇಟಿನ ಮೇಲಿದೆ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಕಂಬದ ಮೇಲಿದೆ, ಪುಷ್ಪಾ ದೊಡ್ಡಮ್ಮನ ದೋಸೆ ಕಾವಲಿಯ ಹಿಡಿಯ ಮೇಲೂ ಇದೆ. ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅದು ಅವರ ನಂಬರಾಗಿತ್ತು. ಜಾಯಿಂಟ್ ಬಿಟ್ಟರೆ ಯಾರ ಕೈಕೆಲಸ ಎಂದು ಗೊತ್ತಾಗಲಿ ಎಂದು ಅಲ್ಲಿ ವೆಲ್ಡರುಗಳು ತಮ್ಮ ನಂಬರಿನ ಉಕ್ಕಿನ ಅಚ್ಚನ್ನು ಪಕ್ಕದಲ್ಲಿ ಸುತ್ತಿಗೆಯಿಂದ ಹೊಡೆಯುತ್ತಿದ್ದರಂತೆ. ನಿವೃತ್ತರಾಗಿ ಎಂಟು ವರ್ಷವಾದರೂ ಆ ಅಚ್ಚುಗಳು ಅವರ ಹಳೆಯ ಕನ್ನಡಕದ ಡಬ್ಬಿಯಲ್ಲಿವೆ.

ಈಗ ಅವರು ಮನೆಯಂಗಳದಲ್ಲಿ, ತಗಡಿನ ಚಪ್ಪರದ ಕೆಳಗೆ, ಜೀಪುಗಳನ್ನು ಕೆಸರು ಗುಡ್ಡಗಳಲ್ಲಿ ಓಡಿಸಲು ಬೇಕಾದಂತೆ ಬದಲಾಯಿಸಿಕೊಡುತ್ತಾರೆ. ವರ್ಷಕ್ಕೆ ಮೂರೋ ನಾಲ್ಕೋ ಬರುತ್ತವೆ.

ನಾನು ಸೆಕೆಂಡ್ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟೆ. ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳಿದರೆ ಗೊತ್ತಿರುವ ಉತ್ತರವೂ ಬಾಯಿಗೆ ಬರುತ್ತಿರಲಿಲ್ಲ. ಆಮೇಲೆ ಆರು ತಿಂಗಳು ಗೇಟು ದಾಟಲಿಲ್ಲ. ಒಂದು ದಿನ ದೊಡ್ಡಪ್ಪ ಟಿವಿಯ ರಟ್ಟಿನ ಡಬ್ಬಿಯನ್ನೂ ಕತ್ತರಿಯನ್ನೂ ನನ್ನ ಮುಂದಿಟ್ಟು, "ಈ ಮಡ್‌ಗಾರ್ಡಿನ ಅಳತೆಗೆ ರಟ್ಟು ಕತ್ತರಿಸ್ಕೊಡೇ. ನಂಗೆ ಈಗೀಗ ಕಣ್ಣು ಮಂಜು," ಎಂದರು. ನಾಲ್ಕು ಸಲ ಅಳೆದು ಕತ್ತರಿಸಿದೆ. ಅದರ ಮೇಲೆ ಗೆರೆ ಎಳೆದು ತಗಡು ಕೊಯ್ದಾಗ ಕೂದಲೆಳೆಯಷ್ಟೂ ಸಂದು ಬರಲಿಲ್ಲ. "ಪುಷ್ಪಾ, ಇವಳ ಕೈ ನೋಡೇ ಇಲ್ಲಿ!" ಎಂದು ಕೂಗಿದರು. ಹಾಗೆ ಕೆಲಸ ಶುರುವಾಯಿತು. ವರ್ಷದೊಳಗೆ ವೆಲ್ಡಿಂಗ್ ಕಲಿಸಿದರು.

ಹೋದ ಮಾರ್ಚಿನಲ್ಲಿ ಶಿವಮೊಗ್ಗದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ದುಷ್ಯಂತ್ ಎಂಬವರು ಜೀಪು ತಂದರು. ದೊಡ್ಡ ಟೈರು ಕೂರುವಂತೆ ಬಾಡಿ ಕೊಯ್ಯಬೇಕು, ಜೀಪು ಎತ್ತರವಾಗಬೇಕು. ಅದಕ್ಕೆ ಆಕ್ಸಲ್ಲಿನ ಕೆಳಗಿರುವ ಸ್ಪ್ರಿಂಗ್ ಪಟ್ಟಿಗಳನ್ನು ಮೇಲೆ ಕೂರಿಸಬೇಕು. ಪಟ್ಟಿ ಕೂರುವ ಸೀಟುಗಳನ್ನು ಆಕ್ಸಲ್ ಹೌಸಿಂಗಿನ, ಅಂದರೆ ಆಕ್ಸಲ್ಲನ್ನು ಹೊದ್ದ ಉಕ್ಕಿನ ಕೊಳವೆಯ, ಮೇಲ್ಭಾಗಕ್ಕೆ ಹೊಸದಾಗಿ ವೆಲ್ಡ್ ಮಾಡಬೇಕು.

ಹಿಂದಿನ ಆಕ್ಸಲ್ಲಿನ ಬಲಗಡೆಯ ಸೀಟನ್ನು ದೊಡ್ಡಪ್ಪ ಮಾಡಿ ತೋರಿಸಿದರು. ಒಂದು ಇಂಚು ಹಾಕಿ ನಿಲ್ಲಿಸುವುದು, ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ಬಿಸಿ ನೋಡುವುದು, ಆರಿದ ಮೇಲೆ ಎದುರಿನ ಮಗ್ಗುಲಲ್ಲಿ ಒಂದು ಇಂಚು. ಎಡಗಡೆಯ ಸೀಟನ್ನು ಅಳತೆ ನೋಡಿ ಕೂರಿಸಿಟ್ಟರು. ಆ ಹೊತ್ತಿಗೆ ಪಟ್ಟಿ ಬಿಗಿಯುವ ಯು-ಬೋಲ್ಟ್ ತರಲು ಅವರು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಬೇಕಾಯಿತು.

"ಎಡಗಡೆದು ನೀನೇ ಹಾಕು. ಒಂದೇ ಸಲಕ್ಕೆ ಎಳೀಬೇಡ, ಹೌಸಿಂಗ್ ಕಾದು ಬಾಗುತ್ತೆ. ಅರ್ಜೆಂಟ್ ಇಲ್ಲ ಮಾರಾಯ್ತಿ, ಸಂಜೆವರೆಗೂ ಹಾಕು."

ಮೊದಲ ಇಂಚನ್ನು ಹಾಗೆಯೇ ಹಾಕಿದೆ. ಎರಡನೆಯದಕ್ಕೆ ಬೆಂಕಿ ಹಚ್ಚಿದಾಗ ಗೇಟಿನಲ್ಲಿ ದನಿ ಕೇಳಿತು. ನನ್ನ ಕ್ಲಾಸಿನಲ್ಲಿದ್ದ ದಿವ್ಯಶ್ರೀ, ಜೊತೆಗೆ ಇನ್ನಿಬ್ಬರು. ಅವಳ ಅಕ್ಕನ ಮದುವೆಯ ಕಾರ್ಡ್ ಕೊಡಲು ಬಂದಿದ್ದರು.

"ಆಂಟಿ, ಮೈತ್ರಿ ಎಲ್ಲಿ?"

"ಅಗೋ, ಅಲ್ಲಿ ಬೆಂಕಿ ಹಾರಿಸ್ತಾ ಕೂತವ್ಳೆ ನೋಡು," ಎಂದರು ದೊಡ್ಡಮ್ಮ.

"ಅಯ್ಯೋ, ಅದು ಮೈತ್ರೀನಾ? ನಾವು ಯಾವ್ದೋ ಹುಡ್ಗ ಅಂದ್ಕೊಂಡ್ವಿ!" ಮೂವರೂ ನಕ್ಕರು.

ನನ್ನ ಮೈಮೇಲೆ ದೊಡ್ಡಪ್ಪನ ಸುಟ್ಟ ಅಂಗಿ ಇತ್ತು. ನಿಲ್ಲಿಸಿದರೆ ವೆಲ್ಡಿಂಗ್ ಮಾಸ್ಕ್ ಎತ್ತಬೇಕು, ಮುಖ ತೋರಿಸಬೇಕು, ಮಾತಾಡಬೇಕು. ಕಣ್ಣು ಕುಕ್ಕುವ ಆ ಬೆಳಕು ಉರಿಯುತ್ತಿರುವವರೆಗೆ ಯಾರೂ ಈ ಕಡೆ ನೋಡುವಂತಿಲ್ಲ. ನಾನು ನಿಲ್ಲಿಸಲಿಲ್ಲ. ರಾಡ್ ಮುಗಿದ ಕೂಡಲೇ ತಲೆ ಎತ್ತದೆ ಇನ್ನೊಂದು ಸಿಕ್ಕಿಸಿದೆ, ಮತ್ತೊಂದು ಸಿಕ್ಕಿಸಿದೆ. ಅವರು ಕಾರ್ಡನ್ನು ದೊಡ್ಡಮ್ಮನ ಕೈಗಿಟ್ಟು ಹೋದರು. ಮಾಸ್ಕ್ ಎತ್ತಿದಾಗ ಸೀಟಿನ ಸುತ್ತ ಹೌಸಿಂಗ್ ಮಂಕಾಗಿ ಕೆಂಪಗಿತ್ತು.

ದೊಡ್ಡಪ್ಪ ಬರುವ ಹೊತ್ತಿಗೆ ಅದು ಆರಿತ್ತು. ಅವರು ಬೆರಳಾಡಿಸಿ ನೋಡಿದರು. ನನ್ನ ಕೈಯಿಂದ ಅಷ್ಟು ನಯವಾದ ವೆಲ್ಡ್ ಅಲ್ಲಿಯವರೆಗೆ ಬಂದಿರಲಿಲ್ಲ.

"ಬಿಟ್ಟು ಬಿಟ್ಟು ಹಾಕಿದ್ಯಾ?"

ನಾನು ಹೌದೆಂದು ತಲೆಯಾಡಿಸಿದೆ.

ಹೌಸಿಂಗಿನ ಉದ್ದಕ್ಕೂ ದಾರ ಎಳೆದು ನೇರವಿದೆಯೇ ಎಂದು ನೋಡುವುದು ಅವರ ಕ್ರಮ. ಅಂದು ನೋಡಲಿಲ್ಲ. ಕನ್ನಡಕದ ಡಬ್ಬಿ ತೆಗೆದು, ಇನ್ನೊಬ್ಬರ ಕೆಲಸದ ಪಕ್ಕದಲ್ಲಿ ಮೊದಲ ಸಲ ನಾಲ್ಕು, ಒಂದು, ಏಳು ಹೊಡೆದರು. ಮೂರು ಏಟು ಬೀಳುವಾಗಲೂ ನಾನು ಅಲ್ಲೇ ನಿಂತಿದ್ದೆ.

ಮೂರು ವಾರದ ಮೇಲೆ ದುಷ್ಯಂತ್ ಜೀಪನ್ನು ವಾಪಸ್ ತಂದರು. ಹಿಂದಿನ ಎಡ ಚಕ್ರದ ಹತ್ತಿರ ಎಣ್ಣೆ ಸೋರುತ್ತಿತ್ತು, ಟೈರು ಒಂದೇ ಮಗ್ಗುಲಿಗೆ ಸವೆದಿತ್ತು. ನಾನು ಬಾಗಿಲ ಹಿಂದೆ ನಿಂತೆ.

"ಗಾಜನೂರು ಹತ್ರ ಕೆಸರಲ್ಲಿ ಓಡಿಸ್ವಾಗ ಫ್ರೆಂಡ್ಸ್ ಎಲ್ಲ ನಗಾಡಿದ್ರು ಚೌಡಪ್ಪನೋರೆ. ನಮ್ಮ ಮೆಕ್ಯಾನಿಕ್ ಚಂದ್ರು ನೋಡ್ದ. ಹೌಸಿಂಗ್ ಹೀಟಿಗೆ ಬಾಗಿದೆ, ಮುದುಕಪ್ಪನ ಕೈ ಹೋಗಿದೆ ಅಂದ."

ದೊಡ್ಡಪ್ಪ ಜೀಪಿನ ಕೆಳಗೆ ಮಲಗಿ ದಾರ ಎಳೆದು ನೋಡಿದರು. ಎದ್ದು ಬರಲು ಬಹಳ ಹೊತ್ತು ಹಿಡಿಯಿತು.

"ಬಾಗಿದೆ. ನಂಬರ್ ನಂದು, ಕೆಲ್ಸ ನಂದು. ಬೇರೆ ಹೌಸಿಂಗ್ ತಂದು ಹಾಕ್ಕೊಡ್ತೀನಿ."

"ಬೇಡ ಬಿಡಿ, ಚಂದ್ರು ಹಾಕ್ತಾನೆ. ನಿಮ್ಗೂ ವಯಸ್ಸಾಯ್ತು."

ದೊಡ್ಡಪ್ಪ ನನ್ನ ಹೆಸರು ಹೇಳುತ್ತಾರೆಂದು ಕಾದೆ. ಅವರು ಒಳಗೆ ಬಂದು ನನಗಷ್ಟೇ ಕೇಳುವಂತೆ, "ನೀನು ಬಿಟ್ಟು ಬಿಟ್ಟೇ ಹಾಕಿದ್ದೆ. ಹಂಗಾದ್ರೆ ನಾನು ಸೀಟು ಕೂರ್ಸಿದ್ರಲ್ಲೇ ಎಲ್ಲೋ ತಪ್ಪಿದೆ ಕಣೆ," ಎಂದರು. ಕನ್ನಡಕದ ಡಬ್ಬಿಯನ್ನು ದೊಡ್ಡಮ್ಮನಿಗೆ ಕೊಟ್ಟು, "ಅಟ್ಟದ ಮೇಲಿಡು," ಎಂದರು.

ಅವರು ನನ್ನನ್ನು ಕಾಪಾಡುತ್ತಿರಲಿಲ್ಲ, ನಂಬಿದ್ದರು.

ಹೊರಗೆ ಜೀಪು ಸ್ಟಾರ್ಟ್ ಆಯಿತು. ನಾನು ಓಡಿಹೋಗಿ ಅದರ ಮುಂದೆ ನಿಂತು ಹೇಳಿದೆ. ಇಂಜಿನ್ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ.

"ಏನಮ್ಮಾ? ಜೋರಾಗಿ ಹೇಳು," ಎಂದು ದುಷ್ಯಂತ್ ಇಂಜಿನ್ ಆರಿಸಿದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು.

"ಆ ಕಡೆದು ನಾನು ಹಾಕಿದ್ದು. ಎಲ್ಲೂ ನಿಲ್ಲಿಸ್ದೇನೇ ಒಂದೇ ಸಲಕ್ಕೆ ಎಳೆದೆ. ಬಿಟ್ಟು ಬಿಟ್ಟು ಹಾಕ್ದೆ ಅಂತ ದೊಡ್ಡಪ್ಪಂಗೆ ಸುಳ್ಳು ಹೇಳ್ದೆ. ಅವರ ಕೈ ಹೋಗಿಲ್ಲ."

ದುಷ್ಯಂತ್ ದೊಡ್ಡಪ್ಪನ ಕಡೆ ತಿರುಗಿದರು. "ಮತ್ತೆ ನಿಮ್ಮ ನಂಬರ್ ಇದೆಯಲ್ರೀ?"

"ನೋಡದೆ ಹೊಡೆದೆ. ಆ ತಪ್ಪು ನಂದೇ," ಎಂದರು ದೊಡ್ಡಪ್ಪ. ನನ್ನ ಕಡೆ ನೋಡಲಿಲ್ಲ. "ಯಾಕೆ ನಿಲ್ಲಿಸ್ಲಿಲ್ಲ?"

"ದಿವ್ಯಶ್ರೀ ಬಂದಿದ್ಳು."

ಅವರಿಗೆ ಅರ್ಥವಾಯಿತು. ಬೈಯಲಿಲ್ಲ. ಗ್ರೈಂಡರ್ ತೆಗೆದುಕೊಂಡು ಮತ್ತೆ ಜೀಪಿನ ಕೆಳಗೆ ಮಲಗಿ, ನನ್ನ ವೆಲ್ಡಿನ ಪಕ್ಕದ 417ನ್ನು ಉಜ್ಜಿ ತೆಗೆದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ದುಷ್ಯಂತ್ ಜೀಪನ್ನು ನಮ್ಮಲ್ಲೇ ಬಿಟ್ಟುಹೋದರು. ಗುಜರಿಯಿಂದ ಬೇರೆ ಹೌಸಿಂಗ್ ತಂದೆವು. ದೊಡ್ಡಪ್ಪ ಬಲಗಡೆ ಹಾಕಿ, "ಎಡಗಡೆ ಹಾಕು," ಎಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಪ್ರತಿ ಇಂಚಿಗೂ ತಮ್ಮ ಕೈಯನ್ನೇ ಹಿಡಿದು ಬಿಸಿ ನೋಡಿದರು. ಸಂಜೆಯಾಯಿತು. ದಾರ ಎಳೆದೆವು, ನೇರವಿತ್ತು.

ಅಟ್ಟದಿಂದ ಡಬ್ಬಿ ಇಳಿಸಿ ಬಲಗಡೆ 417 ಹೊಡೆದು, ಮುಚ್ಚಳ ಹಾಕಿದರು. ಎಡಗಡೆ ಖಾಲಿ ಉಳಿಯಿತು. ಅಲ್ಲೂ ಹೊಡೆಯಿರಿ ಎಂದು ನಾನು ಕೇಳಲಿಲ್ಲ.