ದಾರ ಕಡಿಯುವ ಹಲ್ಲು

ಹಡಗಲಿಯ ಹಲ್ಲಿನ ದವಾಖಾನೆಯೊಂದರಲ್ಲಿ ನಾನು ಕೃತಕ ಹಲ್ಲು ಮಾಡಿಕೊಡುತ್ತಿದ್ದೆ. ಅಲ್ಲಿಯ ಡಾಕ್ಟರಿಗೆ ನಗು ತಿದ್ದುವ ಕಂಪ್ಯೂಟರ್ ಮಾರಲು ಕಂಪನಿಯವನೊಬ್ಬ ಬಂದ. ಮಲ್ಲಿಗೆ ಕಟ್ಟುವ ಬಸಮ್ಮ ಮುಂದಿನ ಹಲ್ಲು ಮುರಿದುಕೊಂಡು ಬಂದಿದ್ದಳು. ಅವನು ಆಕೆಯ ಫೋಟೊ ತೆಗೆದು, ಪರದೆಯ ಮೇಲೆ ಬೆಳ್ಳನೆಯ ಹಲ್ಲು ಸಾಲಾಗಿ ಜೋಡಿಸಿದ.

ಬಸಮ್ಮ ಬಗ್ಗಿ ನೋಡಿದಳು. "ಚಂದ ಐತ್ರಿ. ಆದ್ರ ದಾರ ಕಡಿಯೋ ಕಚ್ಚು ಎಲ್ಲೈತಿ?"

ಮೂವತ್ತು ವರ್ಷ ದಾರ ಕಡಿದು ಆಕೆಯ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ಮುರಿದದ್ದು ಅದೇ ಹಲ್ಲು.

"ಕಚ್ಚು ಅಂದ್ರೆ ದೋಷ ಅಮ್ಮ. ಕಂಪ್ಯೂಟರ್ ಅಂಥದ್ದನ್ನ ತೋರಿಸೋದಿಲ್ಲ," ಎಂದು ಅವನು ನಕ್ಕ.

ನನಗೆ ಮೈಯೆಲ್ಲ ಉರಿಯಿತು. "ದೋಷ ಅಲ್ರಿ, ಅದು ಆಕಿ ಕತ್ರಿ! ಎರಡೂ ಕೈಯಾಗ ಹೂವಿದ್ದಾಗ ಕತ್ರಿ ಯಾರು ಹಿಡೀಬೇಕು, ನಿಮ್ಮ ಕಂಪ್ಯೂಟರೇನು?"

"ಸಾಫ್ಟ್‌ವೇರಿನಲ್ಲಿ ಹಾಗೆ ಬರೋದಿಲ್ಲ ಸರ್."

ಸಾಫ್ಟ್‌ವೇರಿನಲ್ಲಿ ಬಾರದ್ದು ನನ್ನ ಅರದಲ್ಲಿ ಬಂತು. ಹೊಸ ಹಲ್ಲಿಗೆ ಎಳೆಯಷ್ಟು ಕಚ್ಚು ಉಜ್ಜಿ ಕೊಟ್ಟೆ, ವಾರದ ಮೇಲೆ ಡಾಕ್ಟರು ಕೂರಿಸಿದರು. ಬಸಮ್ಮ ಕನ್ನಡಿ ಕೇಳಲಿಲ್ಲ. ಸೆರಗಿನ ಗಂಟಿನಿಂದ ದಾರ ತೆಗೆದು ಕಟಕ್ಕನೆ ಕಡಿದಳು, ಆಮೇಲೆ ನಕ್ಕಳು. ಆ ನಗುವಿನ ಫೋಟೊ ತೆಗೆಯಲು ಕಂಪನಿಯವನು ಇರಲಿಲ್ಲ. ಇದ್ದಿದ್ದರೆ ಅದನ್ನೂ ತಿದ್ದುತ್ತಿದ್ದ.