ಕತ್ತೆ, ಎತ್ತು, ಕುದುರೆ

ಊರಿನ ಸೈಕಲ್ ಸವಾರರೆಲ್ಲ ಆಕೆಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಒಬ್ಬಳಿಗೇ, ಗಂಡನ ತಂಗಿಗೆ. ಆ ನಾದಿನಿ ಅಂಗಡಿಯ ಮುಂಭಾಗದಲ್ಲಿ ಗಲ್ಲಾದ ಹಿಂದೆ ಕೂತು, "ಅತ್ತಿಗೆ, ಇವರ ಬ್ರೇಕ್ ಕಿರುಗುಟ್ಟುತ್ತಂತೆ", "ಅತ್ತಿಗೆ, ಈ ಚೈನ್ ನೋಡಿ" ಎಂದು ದಿನವಿಡೀ ಕೂಗುತ್ತಿದ್ದಳು. ಗಿರಾಕಿಗಳ ಬಾಯಿಗೂ ಅದೇ ಅಂಟಿಕೊಂಡಿತು. ಆಕೆಗೋ ಅದನ್ನು ಕೇಳಿದರೆ ಮೈಯೆಲ್ಲ ಉರಿ. "ಇವ್ರೆಲ್ಲರ ಅಣ್ಣಂದಿರನ್ನ ನಾನ್ಯಾವಾಗ ಕಟ್ಕೊಂಡೆ?" ಎಂದು ಗಂಡನ ಮೇಲೆ ಹರಿಹಾಯುತ್ತಿದ್ದಳು.

ಮದುವೆಗೆ ಮುಂಚೆ ಆಕೆ ರಸ್ತೆ ಪಂದ್ಯಗಳಲ್ಲಿ ಸೈಕಲ್ ಓಡಿಸಿದವಳು. ಮನೆ ತುಂಬಿದ ಮೇಲೆ ತುಳಿಯುವುದು ನಿಂತಿತು, ರಿಪೇರಿ ಶುರುವಾಯಿತು. "ನನ್ನ ಮಗನ ಕೈಗೆ ಸ್ಪ್ಯಾನರ್ ಕೊಟ್ರೆ ಬೆನ್ನು ತುರಿಸ್ಕೊಳ್ತಾನೆ. ನೀನೇ ಹಿಡಿಯಮ್ಮ," ಎಂದು ಮಾವನೇ ಕೆಲಸ ಕಲಿಸಿದ. ಮಾರುವ ವಿದ್ಯೆಯನ್ನು ಮಗಳಿಗೆ ಕೊಟ್ಟ. ಕೊನೆಗೆ ಅಂಗಡಿಯನ್ನು ಮಗ, ಮಗಳು ಇಬ್ಬರ ಹೆಸರಿಗೂ ಬರೆದು, ಹಾವು ಮುಂಗುಸಿಯನ್ನು ಒಂದೇ ಬುಟ್ಟಿಗೆ ಹಾಕಿ ಕಣ್ಣು ಮುಚ್ಚಿಕೊಂಡ. ಮಗಳು ಮದುವೆಯಾಗಿ ಎರಡು ಬೀದಿ ಆಚೆ ಹೋದಳೇ ಹೊರತು ಗಲ್ಲಾ ಬಿಡಲಿಲ್ಲ.

ಜಗಳಕ್ಕೆ ಕಾರಣ ಬೇಕೇ ಬೇಕೆಂದಿರಲಿಲ್ಲ. ಆದರೂ ದೊಡ್ಡ ಕಾರಣವಾಗಿ ಬಂದದ್ದು ಗ್ರೂಪ್‌ಸೆಟ್. ರೋಡ್ ಬೈಕಿನ ಫ್ರೇಮನ್ನೂ ಚಕ್ರಗಳನ್ನೂ ಬಿಟ್ಟರೆ ಉಳಿಯುವುದೆಲ್ಲ ಅದೇ: ಗಿಯರು, ಬ್ರೇಕು, ಚೈನು, ಹ್ಯಾಂಡಲ್ ಮೇಲಿನ ಲಿವರುಗಳು, ಪೆಡಲ್ ತಿರುಗಿಸುವ ಕ್ರ್ಯಾಂಕು, ಎಲ್ಲ ಒಂದೇ ಕಂಪನಿಯ ಜೋಡಿ. ಅಂಗಡಿಯಲ್ಲಿ ಮೂರು ದರ್ಜೆಯವಿದ್ದವು. ಅತ್ತಿಗೆ ಅವಕ್ಕೆ ಕತ್ತೆ, ಎತ್ತು, ಕುದುರೆ ಎಂದು ಹೆಸರಿಟ್ಟಳು. ಕತ್ತೆ ಮೂರು ಕಿಲೋ ತೂಗುತ್ತಿತ್ತು, ಅಗ್ಗ, ಒದ್ದರೂ ಕೆಡದು. ಎತ್ತಿನ ತೂಕ ಅದಕ್ಕಿಂತ ಅರ್ಧ ಕಿಲೋ ಕಡಿಮೆ, ಬೆಲೆ ಎರಡರಷ್ಟು, ಗಿಯರು ನಯ. ಕುದುರೆ ಮತ್ತೂ ಅರ್ಧ ಕಿಲೋ ಹಗುರ. ಬೆಲೆ ಮಾತ್ರ ಎತ್ತಿನ ಎರಡೂವರೆ ಪಟ್ಟು.

ಹೆಸರುಗಳು ಗಿರಾಕಿಗಳ ನಡುವೆ ಹಬ್ಬಿದವು. ನಾದಿನಿ ತಲೆ ಚಚ್ಚಿಕೊಂಡಳು. "ಕತ್ತೆ ಅಂತ ಕರೆದಿದ್ದನ್ನ ಯಾರು ದುಡ್ಡು ಕೊಟ್ಟು ತಗೋತಾರೆ, ಅತ್ತಿಗೆ?"

"ಸುಳ್ಳು ಹೇಳಿದ್ರೆ ತಗೋತಾರೆ. ಅದಕ್ಕೆ ನೀನಿದ್ದೀಯಲ್ಲ."

ಒಂದು ದಿನ ಹಲ್ಲಿನ ಡಾಕ್ಟರು ಬಂದರು. ಹೊಟ್ಟೆ ಬಂದ ಮೇಲೆ ಸೈಕಲ್ ಹಿಡಿದವರು, ಈಗ ಸವಾರರ ಸಂಘಕ್ಕೇ ಮುಖ್ಯಸ್ಥರು. ನಾದಿನಿ ಕುದುರೆಯ ಕ್ರ್ಯಾಂಕನ್ನು ಮಗುವಿನಂತೆ ಅವರ ಅಂಗೈಗಿಟ್ಟಳು. "ನೋಡಿ ಸರ್, ಇದೆ ಅಂತಾನೇ ಗೊತ್ತಾಗಲ್ಲ. ದಿಬ್ಬ ಹತ್ತುವಾಗ ಅರ್ಧ ಕಿಲೋ ಅಂದ್ರೆ ಸಾಮಾನ್ಯಾನಾ?"

ಡಾಕ್ಟರ ಕೈ ಜೇಬಿನತ್ತ ಹೋಗುವಷ್ಟರಲ್ಲಿ ಹಿಂದಿನ ಕೋಣೆಯಿಂದ ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಹತ್ತೋ ಮುಂಚೆ ಒಂದ್ಸಲ ಪಾಯಿಖಾನೆಗೆ ಹೋಗ್ಬನ್ನಿ. ಅಷ್ಟೇ ತೂಕ ಇಳಿಯುತ್ತೆ. ಬಿಟ್ಟಿ."

ಡಾಕ್ಟರು ಪೆಚ್ಚಾಗಿ ನಕ್ಕರು. ನಾದಿನಿ ನಗಲಿಲ್ಲ. ಅವರು ಹೊರಟ ಮೇಲೆ ಅಂಗಡಿಯಲ್ಲಿ ಎದ್ದ ಕೂಗಾಟಕ್ಕೆ ಎದುರಿನ ದರ್ಜಿಯೂ ಮಿಷನ್ ನಿಲ್ಲಿಸಿದ. ಗಂಡ ಎಂಬ ಪ್ರಾಣಿ ಟಯರುಗಳ ರಾಶಿಯ ಹಿಂದೆ ಸೇರಿಕೊಂಡ.

ಡಾಕ್ಟರು ಮಾತ್ರ ಇದನ್ನು ಇಲ್ಲಿಗೆ ಬಿಡಲಿಲ್ಲ. ಸಂಘದಲ್ಲಿ ಎಂಟು ಮಂದಿ ಹೊಸ ಸೆಟ್ ಹಾಕಿಸಬೇಕೆಂದಿದ್ದರು. "ಒಂದೇ ಥರದ ಮೂರು ಫ್ರೇಮಿಗೆ ಮೂರನ್ನೂ ಹಾಕಿ, ಗುರುತು ಕಾಣದ ಹಾಗೆ ಟೇಪು ಸುತ್ತಿಕೊಡಿ. ನೀರಿನ ಟ್ಯಾಂಕಿನ ದಿಬ್ಬ ಹತ್ತಿ ನೋಡ್ತೀವಿ. ಯಾವುದು ಹಿಡಿಸುತ್ತೋ ಅದನ್ನೇ ಎಲ್ಲರೂ ತಗೋತೀವಿ," ಎಂದರು.

"ಗಿಯರ್ ಕೂರಿಸೋರು ಅತ್ತಿಗೆನೇ ತಾನೇ?" ನಾದಿನಿ ಅಣ್ಣನ ಕಡೆ ತಿರುಗಿದಳು. "ಕುದುರೆಯ ಕೇಬಲ್ ಒಂದು ಎಳೆ ಸಡಿಲ ಬಿಟ್ರೆ ಮುಗೀತು."

ಅತ್ತಿಗೆಯ ಮುಖ ಕಪ್ಪಿಟ್ಟಿತು. ನಾಲಿಗೆಯ ಬಗ್ಗೆ ಯಾರು ಏನಂದರೂ ಆಕೆ ಸಹಿಸುತ್ತಿದ್ದಳು, ಕೈಯ ಬಗ್ಗೆ ಅಂದರೆ ಇಲ್ಲ. "ಬಾ, ಪಕ್ಕದಲ್ಲೇ ಕೂತ್ಕೋ. ಕಣ್ಣು ಮಿಟುಕಿಸ್ಬೇಡ," ಎಂದಳು.

ನಾದಿನಿ ನಿಜವಾಗಿಯೂ ಸ್ಟೂಲು ಎಳೆದುಕೊಂಡು ಕೂತಳು. ಇಡೀ ಮಧ್ಯಾಹ್ನ ಚೈನಿನ ಕಟಕಟ, ಗ್ರೀಸಿನ ವಾಸನೆ. ಕುದುರೆಯ ಕೇಬಲನ್ನು ಅತ್ತಿಗೆ ಬಿಗಿದಳು, ಸಡಿಲಿಸಿದಳು, ಮತ್ತೆ ಬಿಗಿದಳು. ಹಲ್ಲಿನಿಂದ ಹಲ್ಲಿಗೆ ಚೈನು ಸದ್ದಿಲ್ಲದೆ ಜಾರುವ ತನಕ ಬಿಡಲಿಲ್ಲ. ಹಗೆಯವಳ ಸರಕನ್ನು ಆಕೆ ಸ್ವಂತದ್ದಕ್ಕಿಂತ ಚೆನ್ನಾಗಿ ಕೂರಿಸಿದಳು. ನಾದಿನಿಗೆ ಅದೂ ಸೊಕ್ಕಾಗಿಯೇ ಕಂಡಿತು.

ಭಾನುವಾರ ಬೆಳಿಗ್ಗೆ ದಿಬ್ಬದ ಬುಡದಲ್ಲಿ ಎಲ್ಲರೂ ಸೇರಿದರು. ಎಂಟೂ ಮಂದಿ ಸರದಿಯಲ್ಲಿ ಏದುಸಿರು ಬಿಡುತ್ತ ಹತ್ತಿ ಇಳಿದರು. ಕತ್ತೆಯನ್ನು ಬಹುಪಾಲು ಜನ ಗುರುತಿಸಿದರು; ಗಿಯರ್ ಬದಲಿಸುವಾಗ ಅದು ಗೊಣಗುತ್ತಿತ್ತು. ಉಳಿದೆರಡರಲ್ಲಿ ಕೆಲವರು ಇದೆಂದರು, ಕೆಲವರು ಅದೆಂದರು. ಡಾಕ್ಟರು ಎತ್ತನ್ನೇ ಕುದುರೆಯೆಂದು ಹೊಗಳಿದರು.

ಅತ್ತಿಗೆಯ ತುಟಿಯಂಚಿನಲ್ಲಿ ನಗು ಕಂಡದ್ದೇ ತಡ, ನಾದಿನಿ ಕೆರಳಿದಳು. "ನಗೋದಕ್ಕೇನು! ನೀವೂ ಒಂದ್ಸಲ ಹತ್ತಿ ನೋಡಿ. ಟೇಪಿನ ಮೇಲೆ ನಾನು ಬಟ್ಟೆ ಸುತ್ತಿ ಕೊಡ್ತೀನಿ. ಅಥವಾ ಈಗ ನಾಲಿಗೆ ಮಾತ್ರ ಓಡುತ್ತಾ, ಕಾಲು ಓಡಲ್ವಾ?"

ಅಷ್ಟು ಸಾಕಿತ್ತು. ಅತ್ತಿಗೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ ಕೊಟ್ಟ ಸೈಕಲ್ ಹತ್ತಿದಳು. ಮೊದಲನೆಯದು ಎತ್ತು. ಮಂಡಿ ನೋಯಿತು, ಎದೆ ಹೊಡೆದುಕೊಂಡಿತು, ಆದರೂ ಕಾಲಿಗೆ ಹಳೆಯ ಲಯ ನೆನಪಿತ್ತು. ಎರಡನೆಯದನ್ನು ಹತ್ತಿ ದಿಬ್ಬದ ಕಡಿದಾದ ತಿರುವಿನಲ್ಲಿ ಪೂರ್ತಿ ಭಾರ ಹಾಕಿ ತುಳಿಯುತ್ತಲೇ ಗಿಯರ್ ಬದಲಿಸಿದಳು. ಎತ್ತಾಗಿದ್ದರೆ ಅಲ್ಲಿ ಒಂದು ಕ್ಷಣ ತಡವರಿಸುತ್ತಿತ್ತು. ಇದು ತಡವರಿಸಲಿಲ್ಲ. ಮನಸ್ಸಿನಲ್ಲಿ ಅಂದುಕೊಳ್ಳುವ ಮೊದಲೇ ಚೈನು ಹಲ್ಲು ಬದಲಿಸಿತ್ತು. ಇಂಥ ಸಾಮಾನು ಆಗ, ಇಪ್ಪತ್ತರ ಕಾಲಿಗೆ ಸಿಕ್ಕಿದ್ದರೆ!

ಕೆಳಗಿಳಿದು ಬಂದಾಗ ಎಲ್ಲರೂ ಸುತ್ತುವರಿದರು.

"ಇದು ಕುದುರೆ," ಎಂದಳು. "ತಿರುವಿನಲ್ಲೇ ಗೊತ್ತಾಯ್ತು. ಎರಡಕ್ಕೂ ಅಜಗಜಾಂತರ."

ನಾದಿನಿ ಕುಣಿಯುವುದೊಂದು ಬಾಕಿ. "ಕೇಳಿದ್ರಾ? ಅತ್ತಿಗೆನೇ ಒಪ್ಕೊಂಡ್ರು! ಇನ್ನೇನ್ ಬೇಕು ಸರ್ ನಿಮಗೆ?"

"ಗೊತ್ತಾಯ್ತು ಅಂದೆ, ತಗೊಳ್ಳಿ ಅನ್ಲಿಲ್ಲ," ಅತ್ತಿಗೆಯ ದನಿ ಏರಿತು. "ಗೊತ್ತಾಗೋಕೆ ಕಾಲಿರ್ಬೇಕು. ನಿಮ್ಮ ಎಂಟು ಜನರ ಹದಿನಾರು ಕಾಲು ಕೂಡಿಸಿದ್ರೂ ಒಬ್ಬ ಸವಾರ ಆಗಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಹೋಗಿ, ಮೊದಲು ಹೊಟ್ಟೆ ಇಳಿಸ್ಕೊಳ್ಳಿ."

ಡಾಕ್ಟರು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದರು, ಮತ್ತೆ ಹಾಕಿಕೊಂಡರು, ಸೈಕಲ್ ತಳ್ಳಿಕೊಂಡು ಹೊರಟರು. ಉಳಿದವರು ಅವರ ಹಿಂದೆ.

ಆ ವಾರವೇ ಎಂಟೂ ಮಂದಿ ಬಸ್ ನಿಲ್ದಾಣದ ಹತ್ತಿರದ ಬೇರೆ ಅಂಗಡಿಗೆ ಹೋಗಿ ಕುದುರೆಯನ್ನೇ ಹಾಕಿಸಿಕೊಂಡರು. ಅತ್ತಿಗೆಯ ಮೇಲಿನ ಹಟಕ್ಕೇ ಹಾಕಿಸಿಕೊಂಡರು. ಸುದ್ದಿ ತಂದ ಗಂಡ ಬಾಗಿಲಲ್ಲೇ ನಿಂತು ಹೇಳಿ ಹೊರಗೆ ಓಡಿದ.

"ನಿಮ್ಮ ಬಾಯಿಂದ ನಮ್ಮಪ್ಪನ ಅಂಗಡಿ ಹಾಳಾಯ್ತು," ಎಂದಳು ನಾದಿನಿ. ಕೂಗಲಿಲ್ಲ, ಅಳಲೂ ಇಲ್ಲ. "ಪಾಲು ಮಾಡ್ಬಿಡೋಣ."

"ಮಾಡು. ನಿನ್ನ ಮುಖ ನೋಡೋದು ತಪ್ಪುತ್ತೆ."

ಬಡಗಿ ಬಂದು ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎಬ್ಬಿಸಿದ. ಬೀದಿಯ ಗಾಜಿನ ಕಿಟಕಿ, ಹೊಸ ಸರಕು, ಕಂಪನಿಯ ಏಜೆನ್ಸಿ ನಾದಿನಿಗೆ. ಹಿಂದಿನ ಕೋಣೆ, ಉಪಕರಣ, ಓಣಿಯ ಕಡೆಯ ಬಾಗಿಲು ಅತ್ತಿಗೆಗೆ. ನಾದಿನಿ ಬೇರೊಬ್ಬ ಮೆಕ್ಯಾನಿಕ್ ಇಟ್ಟುಕೊಂಡಳು, ವ್ಯಾಪಾರ ಕುದುರಿತು. ಅತ್ತಿಗೆಯ ಹತ್ತಿರ ಬರುವವರು ಬೈಸಿಕೊಂಡೂ ಬರುವವರು ಮಾತ್ರ. ಅಂಥವರು ಅಷ್ಟೇನೂ ಇರಲಿಲ್ಲ. ಗಂಡ ಹೆಚ್ಚು ಹೊತ್ತು ತಂಗಿಯ ಕಡೆಯೇ ಕೂರತೊಡಗಿದ.

"ನೀವು ಯಾರ ಕಡೆ, ಹೇಳ್ಬಿಡಿ," ಎಂದು ಒಂದು ದಿನ ಅತ್ತಿಗೆ ಕೇಳಿಯೇಬಿಟ್ಟಳು.

"ನಡುವೆ ನಿಂತ್ಕೊಳ್ತಿದ್ದೆ ಕಣೇ. ಅಲ್ಲೀಗ ಗೋಡೆ ಕಟ್ಟಿದ್ದೀರಲ್ಲ."

ಆಕೆ ಸ್ಪ್ಯಾನರ್ ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ ನೋಡಿದರೆ ಆತ ಇರಲಿಲ್ಲ.

ಆ ವರ್ಷ ಆಕೆ ಮತ್ತೆ ಸೈಕಲ್ ತುಳಿಯತೊಡಗಿದಳು. ಯಾರೋ ಬಿಟ್ಟುಹೋದ ಹಳೆಯ ಫ್ರೇಮಿಗೆ ಬಳಸಿ ಬಿಟ್ಟ ಒಂದು ಎತ್ತನ್ನು ಕೂರಿಸಿಕೊಂಡಿದ್ದಳು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಟ್ಯಾಂಕಿನ ದಿಬ್ಬ ಹತ್ತುವಳು. ಆ ತಿರುವಿನಲ್ಲಿ ಭಾರ ಹಾಕಿ ಗಿಯರ್ ಬದಲಿಸಿದಾಗ ಚೈನು ಒಂದು ಕ್ಷಣ ತಡವರಿಸುತ್ತಿತ್ತು, ಆಕೆ ಹಲ್ಲು ಕಚ್ಚುತ್ತಿದ್ದಳು. ಕುದುರೆ ಬೇಕಿದ್ದರೆ ಓಣಿಯಿಂದ ಬೀದಿಗೆ ಸುತ್ತಿ ಬಂದು ಗಾಜಿನ ಬಾಗಿಲು ತಳ್ಳಿ ನಾದಿನಿಯನ್ನು ಕೇಳಬೇಕಿತ್ತು. ಆಕೆ ಕೇಳಲಿಲ್ಲ.