ಮಹಡಿ ಹತ್ತದ ಮಗ್ಗ

ಗೆಳೆಯರೇ, ಕಡಿಮೆ ದರದ ಮನೆಗಾಗಿ ಇಳಕಲ್ಲಿನ ಓಣಿ ಓಣಿ ಸುತ್ತಿ ಸಹಿ ಕೂಡಿಸಿದ ನಾನೇ ಒಂದು ಸಂಗತಿ ಮುಚ್ಚಿಟ್ಟಿದ್ದೆ: ನಮ್ಮ ಬಾಡಿಗೆ ಮನೆಯನ್ನೂ ಖಾಲಿ ಮಾಡಲು ಮಾಲೀಕರು ಹೇಳಿದ್ದಾರೆ.

ಇವತ್ತು ಅಧಿಕಾರಿಯೊಬ್ಬರು ಹೊಸ ಮನೆಗಳ ನಕ್ಷೆ ತೋರಿಸಿದರು. ನಮಗೆ ಎರಡನೇ ಮಹಡಿ. ಎಲ್ಲರೂ ಸಹಿ ಹಾಕತೊಡಗಿದರು. ನಾನು ಎದ್ದು ನಿಂತೆ.

"ಸಾಹೇಬ್ರ, ನಮ್ಮವ್ವ ಕುಣಿಮಗ್ಗದಾಗ ಸೀರಿ ನೇಯ್ತಾಳ್ರಿ. ಕಾಲಿಡಾಕ ನೆಲ ತೋಡಬೇಕು. ಮ್ಯಾಲ ಎಲ್ಲಿ ತೋಡೂದ್ರಿ?" ಎಂದೆ.

"ನಿನಗ ಮನಿ ಬೇಕೋ, ಕುಣಿ ಬೇಕೋ?"

"ಎರಡೂ ಬೇಕ್ರಿ. ಮಗ್ಗ ನಿಂತ್ರ ಉಣ್ಣೂದೇನ್ರಿ?"

ಅವರು ಪಟ್ಟಿಯಲ್ಲಿದ್ದ ನನ್ನ ಹೆಸರು ಹೊಡೆದು ಹಾಕಿದರು.

"ಸಾಲಿ ಬಿಟ್ಟಿ, ಈಗ ಮನೀನೂ ಬಿಟ್ಟಿ ಏನ್ ಲೇ?" ಎಂದ, ಹಿಂದೆ ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳೆಯ.

ಕೆಳಗಿನ ಮನೆಯವರ ತಲೆಯ ಮೇಲೆ ಕಾಲು ಇಳಿಬಿಟ್ಟು ನೇಯುವ ಮಗ್ಗ ನನಗಂತೂ ಗೊತ್ತಿಲ್ಲ. ಕಮತಗಿ ಊರಿನಲ್ಲಿ ಮಣ್ಣಿನ ನೆಲದ ಒಂದು ಕೋಣೆ ಸಿಕ್ಕಿದೆ. ನಾಳೆ ಬೆಳಿಗ್ಗೆ ಅವ್ವನೂ ನಾನೂ ಹೊರಡುತ್ತೇವೆ.